ಮಗು ಬಾಲಮಂದಿರದಲ್ಲಿ, ಅಪ್ಪನ ಕೈ ಹಿಡಿಯುವವರು ಯಾರು?

ಕುಡಿತ ಹೊಕ್ಕ ಮನೆಯ ಮಕ್ಕಳನ್ನು ಕಾಪಾಡಲು ಕಾನೂನಿದೆ, ಸಮಿತಿಯಿದೆ, ಸಹಾಯವಾಣಿಯಿದೆ. ಕುಡಿತ ಬಿಡಬೇಕೆನ್ನುವ ಅಪ್ಪ-ಅಮ್ಮನ ಜೊತೆ ನಡೆಯುವವರು ಮಾತ್ರ ಕಾಣುವುದಿಲ್ಲ. ಆ ಜಾಗಕ್ಕೆ ತಕ್ಕವರು ನಮ್ಮ ಓಣಿಗಳಲ್ಲೇ ಇದ್ದಾರೆ.

ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ರಸ್ತೆಗಳಲ್ಲಿ ಬೆಳಗಾಗುತ್ತಲೇ ಟಂಟಂಗಳ ಓಡಾಟ ಜೋರಾಗುತ್ತದೆ. ಕೂಲಿಗೆ ಹೊರಟ ಹೆಂಗಸರ ನಡುವೆ ಶಾಲೆಯಲ್ಲಿರಬೇಕಾದ ಮಕ್ಕಳೂ ಒತ್ತಿಕೊಂಡು ಕೂತಿರುತ್ತಾರೆ. ಅಧಿಕಾರಿಗಳು ಆಗಾಗ ಗಾಡಿ ತಡೆದು ಮಕ್ಕಳನ್ನು ಇಳಿಸುವುದೂ ಉಂಟು. ಹೆಸರು, ಊರು, ತರಗತಿ ಬರೆದುಕೊಂಡಾದ ಮೇಲೆ ಬರುವ ಪ್ರಶ್ನೆ: ‘ನಿಮ್ಮಪ್ಪ ಏನ್ ಮಾಡ್ತಾನ?’ ‘ಕುಡಿತಾನ್ರಿ’ ಎಂಬ ಉತ್ತರ ಕೇಳಿ ಈ ಭಾಗದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಆ ಉತ್ತರ ಕಡತಕ್ಕೆ ಸೇರುತ್ತದೆ. ಅಲ್ಲಿಂದ ಮುಂದೆ ವ್ಯವಸ್ಥೆ ಮಗುವಿನ ಬೆನ್ನಿಗೆ ನಿಲ್ಲುತ್ತದೆ, ನಿಲ್ಲಲೇಬೇಕು. ಕುಡಿಯುವ ಅಪ್ಪ, ಅವನೊಂದಿಗೆ ಏಗುವ ಅವ್ವ ಮಾತ್ರ ಇದ್ದಲ್ಲೇ ಉಳಿಯುತ್ತಾರೆ. ಕೆಲವು ತಿಂಗಳ ನಂತರ ಮಗು ಬಾಲಮಂದಿರದಿಂದ ಮನೆಗೆ ಮರಳುತ್ತದೆ. ಮನೆ ಮೊದಲಿನಂತೆಯೇ ಇರುತ್ತದೆ.

ಕಾನೂನಿನಲ್ಲಿ ಏನಿದೆ?

ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರಲ್ಲಿ ಬಂತು. 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರಡಿ ಪ್ರತಿ ಜಿಲ್ಲೆಗೂ ಮಕ್ಕಳ ಕಲ್ಯಾಣ ಸಮಿತಿ ಇರಬೇಕು: ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ. ದುಡಿಮೆಗೆ ಹಚ್ಚಿದ ಮಗು, ಬೀದಿಪಾಲಾದ ಮಗು, ಬಾಲ್ಯವಿವಾಹದ ಅಂಚಿನಲ್ಲಿರುವ ಹುಡುಗಿ, ಹೆತ್ತವರಿದ್ದೂ ಅವರಿಂದ ಸಾಕಲು ಆಗದ ಮಗು, ಇವರೆಲ್ಲ ಕಾಯ್ದೆಯ ಮಾತಿನಲ್ಲಿ ‘ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಕ್ಕಳು’. ಇಂಥ ಮಗು ಸಿಕ್ಕರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. 15 ದಿನಗಳಲ್ಲಿ ಸಾಮಾಜಿಕ ತನಿಖೆ ಮುಗಿಯಬೇಕು. ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು.

ಮಗುವನ್ನು ಸಂಸ್ಥೆಯಲ್ಲಿಡುವುದು ಕೊನೆಯ ದಾರಿ, ಕುಟುಂಬಕ್ಕೆ ಮರಳಿಸುವುದೇ ಮೊದಲ ಗುರಿ ಎಂದು ಇದೇ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಬಡತನದ ಕಾರಣಕ್ಕೆ ಮಗು ಮನೆ ಬಿಡಬಾರದೆಂದು ಪ್ರಾಯೋಜಕತ್ವದ ನೆರವೂ ಇದೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದು ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಸಂಸ್ಥೆಗಳಲ್ಲಿರುವ ಮಕ್ಕಳಿಗೆ ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ವ್ಯಸನಮುಕ್ತಿ ಚಿಕಿತ್ಸೆಯ ಉಲ್ಲೇಖವೂ ಇದೆ. ಆದರೆ ಮಗುವಿನ ಸಂಕಟಕ್ಕೆ ಹೆತ್ತವರ ವ್ಯಸನವೇ ಕಾರಣವಾದಾಗ, ಅವರ ಚೇತರಿಕೆಯ ಹೊಣೆ ಹೊತ್ತ ಹುದ್ದೆ ಯಾವುದೂ ಇಲ್ಲ.

ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಂತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಬ್ಬ ಆಪ್ತಸಮಾಲೋಚಕರು, ಇಬ್ಬರು ಸಮಾಜ ಕಾರ್ಯಕರ್ತರು, ಇಬ್ಬರು ಕ್ಷೇತ್ರ ಕಾರ್ಯಕರ್ತರು. ಯಾದಗಿರಿ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲೇ 11.74 ಲಕ್ಷ. ಬಾಲ್ಯವಿವಾಹ ತಡೆಯುವುದಕ್ಕೂ ಕಾಣೆಯಾದ ಮಗುವನ್ನು ಹುಡುಕುವುದಕ್ಕೂ ಇವರೇ ಓಡಬೇಕು. ಹೀಗಿರುವಾಗ ಹುಣಸಗಿ ಕಡೆಯ ಯಾವುದೋ ತಾಂಡಾದ ಅಪ್ಪ ಈ ವಾರ ಕುಡಿದನೋ ಇಲ್ಲವೋ ಎಂದು ನೋಡಿ ಬರಲು ಯಾರಿಗೆ ಪುರುಸೊತ್ತು? ‘ಇನ್ನು ಕುಡಿಯೋದಿಲ್ರಿ’ ಎಂಬ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಮಗುವನ್ನು ಕಳಿಸಿಕೊಡುವುದೇ ಹೆಚ್ಚೆಂದರೆ ಆಗುವ ಕೆಲಸ.

ಮುಚ್ಚಳಿಕೆಯಿಂದ ಕುಡಿತ ಬಿಡದು

ಮದ್ಯವ್ಯಸನ ಕಾಯಿಲೆ ಎಂದು ವೈದ್ಯರು ಹೇಳಿ ದಶಕಗಳಾದವು. ಊರು ಈಗಲೂ ಅದನ್ನು ಚಟ ಎಂದೇ ಕರೆಯುತ್ತದೆ. ಮನಸ್ಸು ಮಾಡಿದರೆ ಬಿಟ್ಟೀತು ಎಂದು ನಂಬುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈಕಾಲು ನಡುಗುತ್ತವೆ, ಬೆವರು ಕಿತ್ತುಬರುತ್ತದೆ, ನಿದ್ದೆ ಹಾರಿಹೋಗುತ್ತದೆ. ಎರಡು-ಮೂರನೇ ದಿನ ಕೆಲವರಿಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯವಾಗಬಹುದು. ರಾಯಚೂರು–ಯಾದಗಿರಿ ಭಾಗದಲ್ಲಿ ಇನ್ನೊಂದು ಪೀಡೆಯಿದೆ: ಸಿಎಚ್ ಪೌಡರ್ ಸೇಂದಿ. ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಬರಿಸುವ ರಾಸಾಯನಿಕವನ್ನು ಕಲೆಸಿದ ಈ ಸೇಂದಿಯನ್ನು ತಟ್ಟನೆ ಬಿಟ್ಟವರ ಸ್ಥಿತಿಯೂ ಅಷ್ಟೇ ಗಂಭೀರವಾಗುತ್ತದೆ. ‘ಕುಡಿಯೋದು ಬಿಟ್ಟ, ಹುಚ್ಚು ಹಿಡೀತು, ಮತ್ತ ಒಂದಿಷ್ಟು ಕುಡಿಸಿದ್ವಿ, ನೆಟ್ಟಗಾದ’ ಎಂದು ಮನೆಯವರು ಹೇಳುವ ಮಾತಿನ ಹಿಂದೆ ಇರುವುದು ಇದೇ. ಆ ಹೊತ್ತಿನಲ್ಲಿ ಬೇಕಾದದ್ದು ಆಸ್ಪತ್ರೆ.

ಆಸ್ಪತ್ರೆಗೆ ಮುಟ್ಟುವವರು ಎಷ್ಟು ಜನ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮಂದಿ ಹೆದರಿಕೆ, ನಾಚಿಕೆ, ದೂರ, ಕೂಲಿ ತಪ್ಪುವ ಚಿಂತೆಗಳಲ್ಲೇ ಉಳಿದವರು.

ಇನ್ನು ಚಿಕಿತ್ಸೆ ಪಡೆದು ಬಂದವನ ಕಷ್ಟ. ಆಸ್ಪತ್ರೆ ಮೈಯೊಳಗಿನ ವಿಷ ಇಳಿಸಿ ಕಳಿಸುತ್ತದೆ. ಊರಿಗೆ ಬಂದರೆ ಕಿರಾಣಿ ಅಂಗಡಿಯಲ್ಲೇ 90 ಎಂ.ಎಲ್. ಪ್ಯಾಕೆಟ್ ಸಿಗುತ್ತದೆ. ಕೂಲಿ ಬಟವಾಡೆಯ ಸಂಜೆ ಜೊತೆಯವರು ಭುಜದ ಮೇಲೆ ಕೈ ಹಾಕುತ್ತಾರೆ. ಜಾತ್ರೆ, ಮದುವೆ, ಸಾವು ಯಾವುದಕ್ಕೂ ಗುಂಡು ಬೇಕು. ಸಾಲ ಹಾಗೇ ಇದೆ, ಹೆಂಡತಿಗೆ ನಂಬಿಕೆಯಿಲ್ಲ, ಮಗ ಮಾತಾಡಿಸುವುದಿಲ್ಲ. ಮಗುವನ್ನು ಅಧಿಕಾರಿಗಳು ಕರೆದುಕೊಂಡು ಹೋದರು ಎಂಬ ಅವಮಾನವೇ ಕುಡಿಯಲು ಇನ್ನೊಂದು ನೆಪವಾಗುತ್ತದೆ. ಚೇತರಿಕೆ ಕಟ್ಟಬೇಕಾದದ್ದು ಈ ದಿನಗಳಲ್ಲಿ; ವೈದ್ಯರಾಗಲಿ ಅಧಿಕಾರಿಯಾಗಲಿ ಅಲ್ಲಿರುವುದಿಲ್ಲ.

ಬಿದ್ದು ಎದ್ದವನ ಮಾತು

ಅಲ್ಲಿ ಇರಬಲ್ಲವನು ಒಬ್ಬನೇ: ತಾನೂ ಹೀಗೇ ಬಿದ್ದು ಎದ್ದವನು. ‘ಅಣ್ಣಾ, ನಾನೂ ಹಿಂಗ ಇದ್ದೆ. ನಾಳಿಂದು ನಾಳಿಗಿ ನೋಡೋಣು, ಇವತ್ತೊಂದಿನ ಬ್ಯಾಡ’ ಎಂದು ಅವನು ಹೇಳಿದರೆ ಅದು ಬುದ್ಧಿಮಾತಾಗಿ ಕೇಳಿಸುವುದಿಲ್ಲ. ಸುಳ್ಳು ಹೇಳಿದರೂ ಅವನಿಗೆ ಗೊತ್ತಾಗುತ್ತದೆ, ಏಕೆಂದರೆ ಅವೇ ಸುಳ್ಳುಗಳನ್ನು ಅವನೂ ಹೇಳಿದ್ದ.

ಇದನ್ನೇ ಮಕ್ಕಳ ಕಲ್ಯಾಣ ವ್ಯವಸ್ಥೆಯೊಳಗೆ ತಂದು ಕೂಡಿಸಿದವರು ಅಮೆರಿಕದವರು. 1997ರಲ್ಲಿ ಅಲ್ಲಿ ಬಂದ ಕಾಯ್ದೆಯೊಂದು, ಮಗು 22 ತಿಂಗಳಲ್ಲಿ 15 ತಿಂಗಳು ಹೊರಗಿನ ಪಾಲನೆಯಲ್ಲಿದ್ದರೆ ಹೆತ್ತವರ ಹಕ್ಕನ್ನೇ ರದ್ದುಪಡಿಸುವ ಪ್ರಕ್ರಿಯೆ ಆರಂಭಿಸಬೇಕೆಂದು ಸಾಮಾನ್ಯ ನಿಯಮ ಹಾಕಿತು. ವ್ಯಸನದಿಂದ ಹೊರಬರಲು ಹೆಣಗುವ ತಾಯಂದಿರಿಗೆ ಅದು ಗಡಿಯಾರದೊಂದಿಗಿನ ಓಟವಾಯಿತು. ಅದೇ ವರ್ಷ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ‘ಸ್ಟಾರ್ಟ್’ ಎಂಬ ಯೋಜನೆ ಆರಂಭವಾಯಿತು. 2006ರ ಹೊತ್ತಿಗೆ ಕೆಂಟಕಿ ರಾಜ್ಯಕ್ಕೂ ಹೋಯಿತು. ಅದರ ಕ್ರಮ ಸರಳ. ಪ್ರತಿ ಕುಟುಂಬಕ್ಕೂ ಒಬ್ಬ ಅಧಿಕಾರಿ, ಅವರ ಜೋಡಿಯಾಗಿ ಒಬ್ಬ ಕುಟುಂಬ ಮಾರ್ಗದರ್ಶಿ. ಈ ಮಾರ್ಗದರ್ಶಿ ಕನಿಷ್ಠ ಮೂರು ವರ್ಷ ವ್ಯಸನದಿಂದ ದೂರವಿದ್ದವರಾಗಿರಬೇಕು. ತಾವೂ ಒಮ್ಮೆ ಇಂಥ ಕಚೇರಿಯ ಬೆಂಚಿನ ಮೇಲೆ ಕೂತಿದ್ದವರಾದರೆ ಇನ್ನೂ ಒಳ್ಳೆಯದು. ಅವರು ಸಂಬಳದ ನೌಕರರು. ತಾಯಿಯನ್ನು ಮೊದಲ ದಿನಗಳಲ್ಲೇ ಚಿಕಿತ್ಸೆಗೆ ಕರೆದೊಯ್ಯುವುದು, ಪಕ್ಕದಲ್ಲಿ ಕೂರುವುದು, ಮನೆಗೆ ಹೋಗಿ ಬರುವುದು ಅವರ ಕೆಲಸ.

ಕೆಂಟಕಿಯ ಫಲಿತಾಂಶಗಳು 2012ರಲ್ಲಿ ಪ್ರಕಟವಾದವು. ಈ ಯೋಜನೆಯಲ್ಲಿದ್ದ ತಾಯಂದಿರಲ್ಲಿ ಶೇ 66ರಷ್ಟು ಮಂದಿ ವ್ಯಸನದಿಂದ ಹೊರಬಂದಿದ್ದರು. ಯೋಜನೆಯಿಲ್ಲದೆ ಚಿಕಿತ್ಸೆ ಪಡೆದವರಲ್ಲಿ ಶೇ 37. ಸರ್ಕಾರದ ಸುಪರ್ದಿಗೆ ಹೋದ ಮಕ್ಕಳ ಪ್ರಮಾಣ ಇಲ್ಲಿ ಶೇ 21, ಹೋಲಿಕೆಗೆ ತೆಗೆದುಕೊಂಡ ಗುಂಪಿನಲ್ಲಿ ಶೇ 42. ಲಂಡನ್ನಿನಲ್ಲಿ 2008ರಲ್ಲಿ ನ್ಯಾಯಾಧೀಶ ನಿಕೊಲಸ್ ಕ್ರಿಕ್ಟನ್ ಅವರ ಮುಂದಾಳತ್ವದಲ್ಲಿ ಆರಂಭವಾದ ಕುಟುಂಬ ವ್ಯಸನ ನ್ಯಾಯಾಲಯದಲ್ಲೂ, ಚೇತರಿಸಿಕೊಂಡ ಹೆತ್ತವರು ಹೊಸಬರಿಗೆ ಮಾರ್ಗದರ್ಶಿಗಳಾಗಿ ನಿಂತರು.

ಅಮೆರಿಕದ ಅಂಕಿಯನ್ನು ಸುರಪುರಕ್ಕೆ ತಂದು ಅಂಟಿಸಲು ಬರುವುದಿಲ್ಲ. ಅಲ್ಲಿ ನಿರುದ್ಯೋಗ ಭತ್ಯೆಯಿದೆ, ಮನೆ ಹತ್ತಿರ ಚಿಕಿತ್ಸಾಲಯವಿದೆ, ಇಲ್ಲಿ ಗುಳೆಯಿದೆ. ಆದರೆ ಹತ್ತಿರದ ಉದಾಹರಣೆಯೂ ಒಂದಿದೆ. ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಸಂಸ್ಥೆ ಮನೋವೈದ್ಯಕೀಯ ಓದಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಹಾನಿಕರವಾಗಿ ಕುಡಿಯುವ ಗಂಡಸರ ಜೊತೆ ಆಪ್ತಸಮಾಲೋಚನೆ ಮಾಡಿಸಿತು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವರದಿಯಂತೆ, ಮೂರು ತಿಂಗಳ ನಂತರ ಹಾನಿಕರ ಕುಡಿತದಿಂದ ಹೊರಬಂದವರು ಈ ಗುಂಪಿನಲ್ಲಿ ಶೇ 36, ಮಾಮೂಲಿ ಆರೈಕೆಯಲ್ಲಿ ಶೇ 26. ಪೂರ್ತಿ ದಾಸರಾದವರ ಮೇಲೆ ನಡೆದ ಪ್ರಯೋಗ ಇದಲ್ಲ. ಆದರೂ ಪದವಿಯಿಲ್ಲದವರ ಮಾತಿಗೂ ಚಿಕಿತ್ಸೆಯ ಬಲವಿದೆ ಎಂಬುದನ್ನು ಇದು ನಮ್ಮ ನೆಲದಲ್ಲೇ ತೋರಿಸಿತು.

ಬೇರು ನಮ್ಮಲ್ಲೇ ಇದೆ

ಈ ಯೋಚನೆ ಕನ್ನಡ ನಾಡಿಗೆ ಹೊಸದೇನಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ರಾಜ್ಯದ ಹಳ್ಳಿಗಳಿಗೆ ಚಿರಪರಿಚಿತ. ಶಿಬಿರಕ್ಕೆ ಸಿಗುವಷ್ಟು ಪ್ರಚಾರ ಅದರ ಮುಂದಿನ ಕೆಲಸಕ್ಕೆ ಸಿಕ್ಕಿಲ್ಲ. ಕುಡಿತ ಬಿಟ್ಟವರನ್ನು ಸೇರಿಸಿ ನವಜೀವನ ಸಮಿತಿ ಕಟ್ಟುತ್ತಾರೆ. ಸದಸ್ಯರು ಆಗಾಗ ಸೇರಿ ಕಷ್ಟಸುಖ ಹಂಚಿಕೊಳ್ಳುತ್ತಾರೆ, ಜಾರಿದವನ ಮನೆಗೆ ಹೋಗಿ ಬರುತ್ತಾರೆ, ಮುಂದಿನ ಶಿಬಿರಕ್ಕೆ ಹೊಸಬರನ್ನು ಕರೆತರುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಹೆಸರು ಹೇಳದೆ ಸೇರುವ ಕೂಟ. ನಮ್ಮ ಹಳ್ಳಿಯಲ್ಲಿ ಯಾರು ಎಷ್ಟು ಕುಡಿಯುತ್ತಾರೆಂದು ಇಡೀ ಊರಿಗೇ ಗೊತ್ತು, ಗುಟ್ಟಿಗೆ ಜಾಗವಿಲ್ಲ. ಬಿಡುವುದೂ ಹತ್ತು ಜನರೆದುರೇ ಆಗಬೇಕು, ಆಗಲೇ ಊರು ಅವನನ್ನು ಹೊಸ ಕಣ್ಣಿನಿಂದ ನೋಡುತ್ತದೆ. ಈ ವ್ಯತ್ಯಾಸವನ್ನು ನವಜೀವನ ಸಮಿತಿಗಳು ಸರಿಯಾಗಿ ಹಿಡಿದಿವೆ.

ಇನ್ನೊಂದು ಮಾದರಿ ಬೆಳಗಾವಿ ಜಿಲ್ಲೆಯ ಘಟಪ್ರಭಾದ್ದು. ದೇವದಾಸಿಯರಾಗಿದ್ದ ಮಹಿಳೆಯರೇ 1997ರಲ್ಲಿ ಕಟ್ಟಿದ ‘ಮಾಸ್’ ಸಂಸ್ಥೆಯಲ್ಲಿ, ಆ ಬದುಕಿನಿಂದ ಹೊರಬಂದವಳೇ ಇನ್ನೊಬ್ಬಳ ಮನೆ ಬಾಗಿಲಿಗೆ ಹೋದಳು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಜೊತೆಗೆ ನಿಂತಳು. ಎಳವೆಯಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಆ ಸಂಸ್ಥೆಯನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಧಿಕಾರಿಗಳು ಹೇಳಿದರೆ ಕೇಳದವರು ಅವರ ಮಾತು ಕೇಳಿದ್ದೇಕೆ ಎಂದು ವಿವರಿಸಬೇಕಿಲ್ಲ.

ಇದೇ ಸೀಮೆಯ ಹೆಂಗಸರ ಹೋರಾಟವನ್ನೂ ನೆನೆಯಬೇಕು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಕರೆಗೆ ಓಗೊಟ್ಟು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು; ಅವರಲ್ಲಿ ಬಹಳ ಮಂದಿ ಉತ್ತರ ಕರ್ನಾಟಕದವರು. ನಿಷೇಧ ಬರುತ್ತದೋ ಇಲ್ಲವೋ, ಅವರು ಮುಂದಿಟ್ಟದ್ದು ಕುಡುಕನ ಹೆಂಡತಿ-ಮಕ್ಕಳ ಪಾಡನ್ನು. ಕುಡಿಯುವವರ ಮನೆಯವರಿಗೂ ಜೊತೆಗಾರರು ಬೇಕು. 1951ರಲ್ಲಿ ಅಲ್-ಅನಾನ್ ಎಂಬ ಕೂಟ ಹುಟ್ಟಿದ್ದೇ ಇದಕ್ಕಾಗಿ. ‘ನೀನೇ ಸರಿಯಾಗಿ ನೋಡಿಕೊಂಡಿದ್ದರ ಅವ ಯಾಕ ಕುಡಿತಿದ್ದ?’ ಎಂದು ಅತ್ತೆಯಿಂದ ಹಿಡಿದು ಪಂಚರವರೆಗೆ ಎಲ್ಲರಿಂದ ಕೇಳಿಸಿಕೊಂಡವಳಿಗೆ, ‘ಅದು ನಿನ್ನ ತಪ್ಪಲ್ಲವ್ವಾ’ ಎನ್ನುವ ಇನ್ನೊಬ್ಬ ಹೆಣ್ಣುಮಗಳು ಸಿಗಬೇಕು. ತಾಯಿಯೇ ಸೇಂದಿಗೆ ಬಿದ್ದಿದ್ದರಂತೂ ನಾಚಿಕೆ ಇಮ್ಮಡಿ. ಗಂಡಸರೇ ತುಂಬಿದ ಶಿಬಿರಕ್ಕೆ ಅವಳು ಕಾಲಿಡುವುದಿಲ್ಲ. ಅವಳಿಗೆ ಹೆಣ್ಣು ಜೊತೆಗಾರ್ತಿಯೇ ಆಗಬೇಕು.

ಎಲ್ಲಿ ಎಚ್ಚರ ಬೇಕು?

ಹೀಗೆ ಬಿದ್ದು ಎದ್ದ ಜೊತೆಗಾರ ಎಲ್ಲ ರೋಗಕ್ಕೂ ಮದ್ದಲ್ಲ. ಮೈ ನಡುಗುವವನನ್ನು ಮನೆಯಲ್ಲೇ ಕೂಡಿಹಾಕಿ ಕಾಯುವುದು ಅವನ ಕೆಲಸವಲ್ಲ. ಆಸ್ಪತ್ರೆಗೆ ಮುಟ್ಟಿಸುವುದು ಅವನ ಕೆಲಸ. ಮಗುವಿನ ಮೇಲೆ ಹಲ್ಲೆ, ಲೈಂಗಿಕ ದೌರ್ಜನ್ಯ ನಡೆದಿದ್ದರೆ ಅಲ್ಲಿ ಕಾನೂನೇ ಮೊದಲು. ಹಳ್ಳಿಯ ಕಟ್ಟೆಯಲ್ಲಿ ಎಲ್ಲವನ್ನೂ ರಾಜಿ ಮಾಡಿ ಮುಗಿಸುವ ಚಾಳಿ ನಮ್ಮದು. ಜೊತೆಗಾರನೇ ‘ಹೋಗಲಿ ಬಿಡ್ರಿ, ಇನ್ನ ಮ್ಯಾಲ ಸರಿ ಇರ್ತಾನ’ ಎಂದು ರಾಜಿಗೆ ನಿಂತರೆ ಮಗು ಮತ್ತೆ ಒಂಟಿಯಾಗುತ್ತದೆ. ಜೊತೆ ನಿಲ್ಲುವುದು ಅಪ್ಪನಿಗಾದರೂ ನೋಡಬೇಕಾದದ್ದು ಮಗುವಿನ ಹಿತ. ಅಪಾಯ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಅವನದೂ ಕರ್ತವ್ಯ ಎಂಬುದು ಮೊದಲ ದಿನವೇ ಮೂವರಿಗೂ ತಿಳಿದಿರಬೇಕು: ಅಪ್ಪನಿಗೆ, ಜೊತೆಗಾರನಿಗೆ, ಸಮಿತಿಗೆ.

ಗುಟ್ಟು ಕಾಯುವುದು ಎರಡನೆಯದು. ಇಂಥ ಪ್ರಕರಣದ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಕುಡಿತ ಊರಿಗೆ ಗೊತ್ತಿದ್ದರೂ ಕಡತ ಊರಿಗೆ ಗೊತ್ತಾಗಬಾರದು. ಮೂರನೆಯದು ಜೊತೆಗಾರನ ಸ್ವಂತ ಚೇತರಿಕೆ. ದಿನವೂ ಕುಡಿತದ ಮನೆಗಳಿಗೆ ಹೋಗುವವನು ತಾನೇ ಜಾರಬಹುದು. ಅವನ ಹಿಂದೆ ಒಂದು ಗುಂಪು, ಆಗಾಗ ಮಾತಾಡಿಸುವ ಒಬ್ಬ ಆಪ್ತಸಮಾಲೋಚಕರು ಇರಲೇಬೇಕು. ನಾಲ್ಕನೆಯದು ಗೌರವಧನ. ಸೇವೆ ಎಂದು ಹೊಗಳಿ ಕೂಲಿ ತಪ್ಪಿಸಿದರೆ ಅವನೂ ಮುಂದಿನ ತಿಂಗಳು ಗುಳೆ ಹೋಗುತ್ತಾನೆ.

ಯಾದಗಿರಿಯಲ್ಲಿ ಹೇಗೆ ಮಾಡಬಹುದು?

ಹೊಸ ಇಲಾಖೆ ಬೇಕಿಲ್ಲ; ಇರುವ ತುಂಡುಗಳನ್ನು ಜೋಡಿಸಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಪ್ರಯೋಗವೇ ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ. ಯಾದಗಿರಿಯಲ್ಲಿ ಈಗ ವೈದ್ಯಕೀಯ ಕಾಲೇಜೂ ಇದೆ. ಫೋನಿನಲ್ಲಿ ಮಾತಾಡಲು ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446 ಇವೆ. ಕೇಂದ್ರದ ಮಾದಕ ವ್ಯಸನ ತಡೆ ಯೋಜನೆಯಲ್ಲಿ ಓರಗೆಯವರ ಮೂಲಕ ನಡೆಸುವ ಕಾರ್ಯಕ್ರಮವೂ ಇದೆ. ಆದರೆ ಅದು ಹದಿಹರೆಯದ ಮಕ್ಕಳಿಗಾಗಿ, ಅವರ ಅಪ್ಪ-ಅಮ್ಮಂದಿರಿಗಲ್ಲ.

ಮೂರು ತಾಲ್ಲೂಕುಗಳಲ್ಲಿ ತಲಾ ಇಬ್ಬರು ಜೊತೆಗಾರರು, ಒಬ್ಬ ಗಂಡು, ಒಬ್ಬ ಹೆಣ್ಣು, ಇಷ್ಟರಿಂದಲೇ ಶುರುಮಾಡಬಹುದು. ಮೂರು ವರ್ಷ ಕುಡಿತದಿಂದ ದೂರವಿದ್ದವರನ್ನು ಅಥವಾ ಕುಡಿತದ ಮನೆಯನ್ನು ನಿಭಾಯಿಸಿ ಎದ್ದುನಿಂತ ಮಹಿಳೆಯರನ್ನು ನವಜೀವನ ಸಮಿತಿ, ಸ್ವಸಹಾಯ ಸಂಘಗಳಿಂದ ಆರಿಸಬಹುದು. ಹೆತ್ತವರ ಕುಡಿತವಿರುವ ಪ್ರಕರಣ ಸಮಿತಿಗೆ ಬಂದ ವಾರದೊಳಗೆ ಜೊತೆಗಾರ ಆ ಮನೆಯಲ್ಲಿರಬೇಕು. 15 ದಿನಗಳ ಸಾಮಾಜಿಕ ತನಿಖೆಯ ಹೊತ್ತಿಗೆ ಅಪ್ಪನೋ ಅಮ್ಮನೋ ಒಮ್ಮೆಯಾದರೂ ವೈದ್ಯರನ್ನು ಕಂಡಿರಬೇಕು. ನಾಲ್ಕು ತಿಂಗಳ ಆದೇಶದ ಹೊತ್ತಿಗೆ ಸಮಿತಿಯ ಕೈಯಲ್ಲಿ ಮುಚ್ಚಳಿಕೆಯ ಬದಲು ಹದಿನಾರು ವಾರಗಳ ನಡೆಯ ಲೆಕ್ಕ ಇರುತ್ತದೆ. ಅದರಲ್ಲಿ ಜಾರಿದ ದಿನಗಳೂ ದಾಖಲಾಗಲಿ. ಒಮ್ಮೆ ಜಾರಿದ ಮಾತ್ರಕ್ಕೆ ಅಪ್ಪನನ್ನು ಅಯೋಗ್ಯ ಎನ್ನಬೇಕಿಲ್ಲ. ಆ ರಾತ್ರಿ ಮಗು ಎಲ್ಲಿ ಮಲಗಬೇಕು, ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಎಂಬ ಏರ್ಪಾಡು ಮೊದಲೇ ಆಗಿದ್ದರೆ ಮಗುವೂ ಕ್ಷೇಮ, ಅಪ್ಪನಿಗೂ ಎರಡನೇ ಅವಕಾಶ.

ಸಣ್ಣ ವಿಷಯಗಳಲ್ಲೇ ಇಂಥ ಕೆಲಸ ಗೆಲ್ಲುವುದು ಅಥವಾ ಸೋಲುವುದು. ಹುಣಸಗಿ ಕಡೆಯ ಹಳ್ಳಿಯಿಂದ ಯಾದಗಿರಿಯ ಸಮಿತಿಗೆ ಬರಬೇಕೆಂದರೆ ಸುರಪುರ, ಶಹಾಪುರ ದಾಟಿ ಬರಬೇಕು; ಇಡೀ ದಿನದ ಕೂಲಿ ಹೋಗುತ್ತದೆ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಅವ್ವನಿಗೆ ಬಸ್ ಪುಕ್ಕಟೆ, ಅಪ್ಪನಿಗೆ ಟಿಕೆಟ್ ಬೇಕು. ವಿಚಾರಣೆಗೆ ಅವ್ವ ಒಬ್ಬಳೇ ಬರುವುದಕ್ಕೆ ಇದೂ ಒಂದು ಕಾರಣವಾಗಬಹುದು. ಅಪ್ಪನ ಬಸ್ ಚಾರ್ಜು ಯಾರು ಕೊಡಬೇಕು ಎಂಬುದನ್ನೂ ಯೋಜನೆ ಹೇಳಬೇಕು. ಗುಳೆ ಹೋದ ಕುಟುಂಬವನ್ನು ಕೈಬಿಡಬಾರದು. ಬೆಂಗಳೂರಿನ ಶೆಡ್ಡಿನಲ್ಲಿರುವ ಅಪ್ಪನಿಗೆ ಬಟವಾಡೆಯ ಸಂಜೆ ಊರಿನ ಜೊತೆಗಾರನಿಂದ ಒಂದು ಫೋನ್ ಹೋಗಬೇಕು. ದಿನಾಲೂ ಬೇಡ, ಆ ಒಂದು ಸಂಜೆ ಸಾಕು.

ಇದಕ್ಕೆಲ್ಲ ಆಗುವ ಖರ್ಚು ದೊಡ್ಡದಲ್ಲ. ಕಾರ್ಮಿಕ, ಶಿಕ್ಷಣ, ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸಬಲ್ಲ ಜಿಲ್ಲಾಡಳಿತ ಒಂದು ವರ್ಷದ ಮಟ್ಟಿಗೆ ಪ್ರಯೋಗ ಮಾಡಬಹುದು. ಎಷ್ಟು ಮಕ್ಕಳು ಮನೆಗೆ ಮರಳಿದರು, ಮರಳಿದವರಲ್ಲಿ ಎಷ್ಟು ಮಂದಿ ಆರು ತಿಂಗಳ ನಂತರವೂ ಶಾಲೆಯಲ್ಲಿದ್ದಾರೆ ಎಂಬ ಎರಡು ಲೆಕ್ಕ ಇಟ್ಟರೆ ಸಾಕು, ಫಲ ಗೊತ್ತಾಗುತ್ತದೆ. ಕುಡುಕನಿಗೆ ಸರ್ಕಾರಿ ದುಡ್ಡಿನಲ್ಲಿ ಜೊತೆಗಾರ ಯಾಕೆ ಎಂದು ಕೇಳುವವರು ಖಂಡಿತ ಇರುತ್ತಾರೆ. ಆ ದುಡ್ಡು ಖರ್ಚಾಗುವುದು ಮಗುವಿಗಾಗಿ. ಕುಟುಂಬವೇ ಮೊದಲ ಗುರಿ ಎಂದು ಕಾಯ್ದೆ ಬರೆದ ದಿನವೇ ಆ ಖರ್ಚನ್ನು ನಾವು ಒಪ್ಪಿಕೊಂಡಿದ್ದೇವೆ. ಇನ್ನೂ ಕೊಟ್ಟಿಲ್ಲ, ಅಷ್ಟೇ.